ಮೂಲ್ಯಾಗಿನ ಕಣ್ಣು

ಹೆಬ್ಬಟ್ಟಿಗೆ ಏಳು ಹೊಲಿಗಿ.
ಪ್ರೆಸ್ಸಿನ್ಯಾಗ ನೋಟ್‌ಬುಕ್ಕಿನ ಅಂಚು ಕತ್ತರಿಸೂ ಮಷೀನು
ಕಾಗದ ಯಾವ್ದು, ಬಟ್ಟು ಯಾವ್ದು ಅಂತ ಕೇಳಲಿಲ್ಲ.
ಮಾಲಕರು ದವಾಖಾನಿ ಬಿಲ್ಲು ಕೊಟ್ರು,
ಇಪ್ಪತ್ತು ದಿನ ಸೂಟಿ ಕೊಟ್ರು.
ಆಡಾಕ ಬರಂಗಿಲ್ಲ, ಆಟ ಎಲ್ಲಾ ಹೆಬ್ಬಟ್ಟಿನ ಮ್ಯಾಲ.
"ನೋಡಾಕರ ಬಾರಲೇ" ಅಂತ
ಚನ್ನವೀರ ಕೋಡ್ ಕಳಿಸಿದ, ಆರು ಅಂಕಿ.
ಮಂದಿ ಒಳಗ ಬರಬಾರ್ದಂತ ಕೀಲಿ ಹಾಕಿದ ರೂಮು.
ನಮ್ಮ ಓಣಿ ಹುಡುಗ್ರು ಅಷ್ಟ.

ಬೆಟಗೇರಿ ಮಾಳಿಗಿ ಮ್ಯಾಲ
ನೀರಿನ ಟಾಕಿಗೆ ಬೆನ್ನ ಹಚ್ಚಿ ಕುಂತೀನಿ.
ಹಿಂದಿನ ಮನ್ಯಾಗ ಮಗ್ಗ ಇನ್ನೂ ನಿಂತಿಲ್ಲ.
ದೂರ, ಕಪ್ಪತಗುಡ್ಡದ ಕಡೆ, ಗಾಳಿಕಂಬದ ಕೆಂಪು ದೀಪ
ಎಲ್ಲಾ ಒಮ್ಮೆಲೆ ಕಣ್ಣ ಮುಚ್ಚಿ ಒಮ್ಮೆಲೆ ತಗೀತಾವ.
ಪರದೆ ಮೂಲ್ಯಾಗ ಒಂದು ಸಣ್ಣ ಕಣ್ಣಿನ ಚಿತ್ರ,
ಅದರ ಬಾಜೂಕ ಒಂದರ ಅಂಕಿ.
ಆ ಒಂದು, ನಾನು.

ನೋಡೂದಂದ್ರ ಏನಂದ್ಕೊಂಡೀರಿ?
ಬೇಕಾದವನ ತಲಿಯೊಳಗ ಹೊಕ್ಕು ಕುಂದರೂದು.
ಒಂದ ಸಲ ಒತ್ತಿದ್ರ ಚನ್ನವೀರ,
ಇನ್ನೊಂದ ಸಲ ಒತ್ತಿದ್ರ ಪಾಂಡುಸಾ.
ಹೊರಗ ಹುಲಿ ಪಾಂಡುಸಾ. ಒಳಗ ಹೊಕ್ಕು ನೋಡಿದ್ರ
ಒಂದು ಹಾಳು ಬಚ್ಚಲಮನ್ಯಾಗ ಕುಂತಾನ,
ಬಾಗಲದ ಕಡೆ ಬಂದೂಕು ಹಿಡದು, ಅಲ್ಲಾಡದಂಗ.
ಮೈಕಿನ್ಯಾಗ ಮಾತ್ರ "ಬಂದ್ನಿ, ಬಂದ್ನಿ, ಹಿಡೀರಲೇ ಅವನ್ನ!"
ನನಗ ನಗು. ನನ್ನ ಮೈಕು ಬಂದ್.
ನೋಡಾವ್ರು ಮಾತಾಡಬಾರ್ದು, ಅದ ಕಾನೂನು.

ದಾವಲ, ಫಕ್ಕೀರೇಶ ಮಾತ ಬಿಟ್ಟು ಎಂಟು ತಿಂಗಳಾತು.
ಕಾರಣ ಕೇಳಿದ್ರ ಒಬ್ಬ ಬೈಕು ಅಂತಾನ,
ಇನ್ನೊಬ್ಬ, ಬೈಕಲ್ಲೋ, ಅವತ್ತ ಆಡಿದ ಮಾತು ಅಂತಾನ.
ಮುಳಗುಂದ ನಾಕಾದಾಗ ಗಿರಮಿಟ್ ಗಾಡಿಗೆ
ಒಬ್ಬ ಬಂದ್ರ ಇನ್ನೊಬ್ಬ ಅರ್ಧ ಪ್ಲೇಟು ಬಿಟ್ಟು ಏಳ್ತಾನ.
ರೂಮಿಗೆ ಮಾತ್ರ ಇಬ್ರೂ ಬರ್ತಾರ,
ಆ ಕಡೆ ಒಬ್ಬ, ಈ ಕಡೆ ಒಬ್ಬ.
ಗುಂಡು ಹಾರ್ಸಾಕ ಮಾತು ಬೇಕಾಗಂಗಿಲ್ಲಲ್ಲ.

ಬುಧವಾರ ರಾತ್ರಿ ನಾ ದಾವಲನ ಕಣ್ಣಾಗ ಇದ್ನಿ.
ಮುರದ ಗ್ವಾಡಿ. ಅದರಾಗೊಂದು ತೂತು.
ತೂತಿನ್ಯಾಗ ಫಕ್ಕೀರೇಶ,
ಬಯಲಾಗ ನಿಂತು ಗುಂಡು ತುಂಬಾಕತ್ತಾನ,
ಹಿಂದ ಮುಂದ ಖಬರಿಲ್ಲ.
ಕೆಂಪು ಚುಕ್ಕಿ ಅವನ ಕುತಗಿ ಮ್ಯಾಲ ಬಂದು ನಿಂತಿತು.
ಹಿಂದಿನ ಮನಿ ಮಗ್ಗ ನಾಕು ಸಲ ಬಡೀತು. ಐದು.
ಚುಕ್ಕಿ ಅಲ್ಲಾಡವಲ್ದು. ಬಟ್ಟು ಒತ್ತವಲ್ದು.
ನನ್ನ ಹೊಲಿಗಿ ಒಳಗ ಜುಮು ಜುಮು.
ಆಮ್ಯಾಲ ಚುಕ್ಕಿ ಸಾವಕಾಶ ಸರದು
ಆಚಿಕಿನ ತಗಡಿನ ಡಬ್ಬಿ ಮ್ಯಾಲ ಹೋತು.
ಢಣ್!
ಫಕ್ಕೀರೇಶ ಬೆದರಿ ಓಡಿದ.
"ತಪ್ಪಿತಲೇ, ನೆಟ್‌ವರ್ಕ್ ಸರಿ ಇಲ್ಲ" ಅಂದ ದಾವಲ.
ನೆಟ್‌ವರ್ಕ್ ಛೊಲೋ ಇತ್ತು. ನಾ ನೋಡೀನಿ.

ಅದ ಆಟದಾಗ ಫಕ್ಕೀರೇಶ ಹಿಂದಿನಿಂದ ಬಂದು
ಅವನ್ನ ಕೆಡವಿದ, ಕೇಕಿ ಹಾಕಿದ.
ಸತ್ತಾವ್ರೂ ನೋಡಾವ್ರಾಗಿ ಬರ್ತಾರ ಇಲ್ಲಿ,
ಒಂದಿದ್ದ ಅಂಕಿ ಎರಡಾತು.
ದಾವಲ ಟಾಕಿ ಹತ್ರ ನನ್ನ ಬಾಜೂಕ ಬಂದು ಕುಂತಂಗಾತು.
ಮಾತು ನನಗೂ ಇಲ್ಲ, ಅವಗೂ ಇಲ್ಲ.
ಯಾರ ಕಣ್ಣಾಗ ಹೊಕ್ಕಾನಂತ ಪರದೆ ತೋರ್ಸಂಗಿಲ್ಲ.
ನನಗ ಗೊತ್ತಿತ್ತು.

ಮರುದಿನ ಗಾಡಿ ಹತ್ರ
ಫಕ್ಕೀರೇಶ ಉಳ್ಳಾಗಡ್ಡಿ ಹೆಚ್ಚಿಗಿ ಹಾಕಿಸ್ಕೊಂಡು
"ನೋಡಿದೇನಲೇ, ಹ್ಯಾಂಗ ಕೆಡವಿದ್ನಿ?" ಅಂದ.
"ನೋಡಿದ್ನಿ" ಅಂದ್ನಿ.
ಮುಂದಿನ ಮಾತು ನಾಲಿಗಿ ತುದಿತನಕ ಬಂತು.
ಬಾಯಾಗ ಹಸಿ ಮೆಣಸಿನಕಾಯಿ ಇತ್ತು,
ಅದನ್ನ ಕಡದ್ನಿ.

ಸೋಮವಾರ ಹೊಲಿಗಿ ಬಿಚ್ತಾರ.
ಆಡಾಕ ಕರೀತಾರ, ಹೋಗ್ತೀನಿ.
ಗ್ವಾಡಿ ಹಿಂದ ಒಬ್ನ ನಿಂತಾಗ ಮಾತ್ರ
ಒಮ್ಮೆ ಮೂಲಿ ಕಡೆ ನೋಡ್ತೀನಿ,
ಅಂಕಿ ಎಷ್ಟೈತಿ ಅಂತ.